ಎಮ್ಮೆದೊಡ್ಡಿಯ ನೆಲ ಮತ್ತು ಪಹಣಿಯ ಒಂಬತ್ತನೆಯ ಕಲಂ



ಶಾಲೆಯಲ್ಲಿ ನಾನು ಉರ್ದುವನ್ನೂ ಕಲಿಸುತ್ತೇನೆ, ಕನ್ನಡವನ್ನೂ ಕಲಿಸುತ್ತೇನೆ. ಈ ಎರಡು ಭಾಷೆಗಳು ಒಂದೇ ಮನೆಯ ಮಕ್ಕಳಂತೆ ಕೂಡಿ ಬಾಳುವುದನ್ನು ನೋಡಬೇಕಾದರೆ ಕಾವ್ಯವನ್ನೇ ಹುಡುಕಬೇಕಾಗಿಲ್ಲ, ತಾಲ್ಲೂಕು ಕಚೇರಿಗೆ ಹೋದರೆ ಸಾಕು. 'ಜಮೀನು' ನಮ್ಮ 'ಜಮೀನ್' ಅಲ್ಲವೇ? 'ಹಿಸ್ಸಾ' ಎಂದರೆ ಪಾಲು, 'ದರಖಾಸ್ತು' ಎಂದರೆ ಅರ್ಜಿ. 'ಖರಾಬು' ಎಂದು ಬರೆದ ಜಾಗ ಕೆಟ್ಟ ನೆಲ, ಅಂದರೆ ಸಾಗುವಳಿಗೆ ಬಾರದ್ದು. 'ಪೌತಿ ಖಾತೆ'ಯ ಪೌತಿ 'ಫೌತ್' ಅಂದರೆ ಮರಣದಿಂದ ಬಂದದ್ದು. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಮಾಡುವುದು. ರೈತರ ಬಾಯಲ್ಲಿ ದಿನವೂ ಬರುವ 'ಬಗರ್ ಹುಕುಂ' ಸಾಕ್ಷಾತ್ ಉರ್ದುವಿನ 'ಬಗೈರ್ ಹುಕ್ಮ್', ಅಪ್ಪಣೆ ಇಲ್ಲದೆ ಮಾಡಿದ ಸಾಗುವಳಿ.

ಈ ಪದಗಳನ್ನು ಕಲಿಸುವ ನೆಪದಲ್ಲಿ ಒಮ್ಮೆ ಮಕ್ಕಳಿಗೆ ಮನೆಯ ಪಹಣಿಯ ಪ್ರತಿ ತರಲು ಹೇಳಿದ್ದೆ. ಒಂಬತ್ತನೆಯ ಕಲಂನಲ್ಲಿ ಜಮೀನಿನ ಮಾಲೀಕರ ಹೆಸರು, ಹನ್ನೆರಡನೆಯ ಕಲಂನಲ್ಲಿ ಸಾಗುವಳಿಯ ವಿವರ ಎಂದು ತೋರಿಸುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, "ಸರ್, ದಿನಾ ಹೊಲಕ್ಕೆ ಹೋಗೋದು ನಮ್ಮ ಅಮ್ಮಿ. ಅವರ ಹೆಸರು ಯಾವ ಕಲಂನಲ್ಲಿದೆ?" ಎಂದು ಕೇಳಿದಳು. ಹನ್ನೆರಡನೆಯ ಕಲಂನಲ್ಲಿ 'ಸ್ವಂತ' ಎಂದಿತ್ತು. ಸ್ವಂತ ಎಂದರೆ ಒಂಬತ್ತನೆಯ ಕಲಂನವರೇ ಎಂದು ಅರ್ಥ. ಅಲ್ಲಿದ್ದದ್ದು ಅವಳ ತಾತನ ಹೆಸರು. ತಾತ ತೀರಿಕೊಂಡು ಬಹಳ ವರ್ಷವಾಗಿತ್ತಂತೆ.

ಆ ಪ್ರಶ್ನೆಗೆ ಅಂದು ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. ಈ ಲೇಖನ ಅದಕ್ಕೆ ತಡವಾಗಿ ಬರೆದ ಉತ್ತರವೆಂದು ತಿಳಿಯಿರಿ.

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರಬಹುದು. ದೊಡ್ಡಿ ಎಂದರೆ ದನಕರುಗಳನ್ನು ಕೂಡುವ ಜಾಗ. ಊರಿನ ಹೆಸರಿನಲ್ಲೇ ಅದರ ಹಳೆಯ ಕಸುಬು ಇದೆ. ಪಶ್ಚಿಮಕ್ಕೆ ಬಾಬಾಬುಡನ್ ಗಿರಿಯ ಸಾಲು. ಮಲೆನಾಡಿನ ಮಳೆ ಆ ಬೆಟ್ಟಗಳಲ್ಲೇ ಮುಗಿದು ಹೋಗಿ ಇತ್ತ ಬಯಲುಸೀಮೆಗೆ ಅದರ ನೆರಳು ಮಾತ್ರ ಬೀಳುತ್ತದೆ. ಆದರೆ ಬೆಟ್ಟದ ನೀರು ಹರಿದು ಬಂದು ಮದಗದ ಕೆರೆ ತುಂಬುತ್ತದೆ. ಜನಪದ ಹಾಡಿನಲ್ಲಿ ಹೆಸರಾದ ಕೆರೆ ಇದೇ ಎಂಬುದು ನಮ್ಮ ಕಡೆಯವರ ಹೆಮ್ಮೆ. ಇಲ್ಲಿಂದ ಹೊರಡುವ ಅವತಿ ಹೊಳೆ, ಅಯ್ಯನಕೆರೆಯಿಂದ ಬರುವ ವೇದಾ ಹೊಳೆಯನ್ನು ಕಡೂರಿನ ಬಳಿ ಕೂಡಿಕೊಂಡು ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಆದ್ದರಿಂದ ಎಮ್ಮೆದೊಡ್ಡಿಯ ಸುತ್ತ ಮಣ್ಣು ಕೊಚ್ಚಿ ಹೋದರೆ ಅದು ಒಂದು ಊರಿನ ನಷ್ಟವಲ್ಲ, ಕೆಳಗಿನ ಚಿತ್ರದುರ್ಗ ಜಿಲ್ಲೆಯವರೆಗೂ ಅದರ ಲೆಕ್ಕ ಹೋಗುತ್ತದೆ.

ಕೆರೆ ನಿಲ್ಲಲೆಂದು ಹೆಣ್ಣನ್ನು ಆಹುತಿ ಕೊಟ್ಟ ಕಥೆಗಳು ಕನ್ನಡ ನಾಡಿನಲ್ಲಿ ಹಲವು ಇವೆ. 'ಕೆರೆಗೆ ಹಾರ' ನೀವು ಪಾಠದಲ್ಲಿ ಓದಿದ್ದೀರಿ. ಕೆರೆ ನಿಂತ ಮೇಲೆ ಅದರ ಕೆಳಗಿನ ಗದ್ದೆಯನ್ನು ಆ ಮನೆಯ ಹೆಣ್ಣುಮಗಳ ಹೆಸರಿಗೆ ಬರೆದುಕೊಟ್ಟರು ಎಂಬ ಕಥೆಯನ್ನು ಮಾತ್ರ ನಾನು ಎಲ್ಲೂ ಕೇಳಿಲ್ಲ.

ಈ ಸೀಮೆಯ ನೆಲದ ಚರಿತ್ರೆಯನ್ನು ಅಮೃತ್ ಮಹಲ್ ಕಾವಲುಗಳಿಂದ ಆರಂಭಿಸಬೇಕು. ಮೈಸೂರಿನ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ಹೆಸರಿನಲ್ಲಿದ್ದ ಅರಮನೆಯ ದನಗಳ ಇಲಾಖೆಯನ್ನು ಹೈದರಾಲಿ ಬೆಳೆಸಿದನು. ಟಿಪ್ಪು ಸುಲ್ತಾನನು ಅದಕ್ಕೆ ಅಮೃತ್ ಮಹಲ್ ಎಂದು ಹೆಸರಿಟ್ಟನು. ಫಿರಂಗಿಗಳನ್ನು ಎಳೆಯುವ ಆ ಎತ್ತುಗಳ ವೇಗವನ್ನು ಶತ್ರುಗಳೂ ಹೊಗಳಿದ್ದಾರೆ. 1799ರ ನಂತರ ಹಿಂಡು ಇಂಗ್ಲಿಷರ ಕೈಗೆ ಬಂತು. 1860ರ ಸುಮಾರಿಗೆ ಖರ್ಚು ಹೆಚ್ಚೆಂದು ಅದನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ತಪ್ಪು ಅರಿವಾಗಿ ಮತ್ತೆ ಕಟ್ಟಬೇಕಾಯಿತು. ಅಜ್ಜಂಪುರದ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ ಆ ಪರಂಪರೆಯ ಮುಂದುವರಿಕೆ.

ಎತ್ತುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ಕಾವಲುಗಳ ಬಗ್ಗೆ ಸ್ವಲ್ಪ ಗಮನ ಕೊಡೋಣ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಹುಲ್ಲುಗಾವಲುಗಳನ್ನು ವಿಂಗಡಿಸಿ, ಹಿಂಡನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಮೇದ ನೆಲಕ್ಕೆ ವಿಶ್ರಾಂತಿ ಸಿಗುತ್ತಿತ್ತು, ಹುಲ್ಲು ಬೀಜ ಕಟ್ಟುತ್ತಿತ್ತು, ಬೇರು ಮಣ್ಣನ್ನು ಹಿಡಿಯುತ್ತಿತ್ತು. ಇಂದು 'ಭೂ ಪುನಶ್ಚೇತನ' ಎಂದು ಯೋಜನಾ ವರದಿಗಳಲ್ಲಿ ಬರೆಯುವುದನ್ನು ಆಗಿನವರು ದನಗಳ ಕಾಲಿನಿಂದಲೇ ಮಾಡಿಸುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಇಂಥ ಕಾವಲುಗಳು ನಾಲ್ಕು ಲಕ್ಷ ಎಕರೆಗೂ ಹೆಚ್ಚಿದ್ದವು. ಈಗ ಉಳಿದಿರುವುದು ಅದರ ಸಣ್ಣ ಪಾಲು ಮಾತ್ರ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದರಿಂದ ಅಲ್ಲಿ ಕೃಷ್ಣಮೃಗಗಳು ಇನ್ನೂ ಕಾಣುತ್ತವೆ.

ಕಾವಲು ರಾಜನದು, ದನವೂ ರಾಜನದು. ಆದರೆ ಅದರ ಅಂಚಿನ ಊರುಗಳು ಬದುಕಿದ್ದು ಅದೇ ನೆಲದ ಮೇಲೆ. ಸೌದೆ, ಸಗಣಿ, ಹುಲ್ಲು, ಪೊರಕೆ ಕಡ್ಡಿ, ಸೊಪ್ಪು, ಔಷಧದ ಬೇರು ಇವನ್ನೆಲ್ಲ ತರುವವರು ಯಾರು? ನಮ್ಮ ನಿಮ್ಮ ಮನೆಯ ದಾದಿ, ನಾನಿಯರು. ಯಾವ ಮೂಲೆಯಲ್ಲಿ ಯಾವ ಹುಲ್ಲು ಯಾವ ತಿಂಗಳಲ್ಲಿ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅವರಿಗಿದ್ದದ್ದು ರೂಢಿಯ ಹಕ್ಕು, ಕಾಗದದ ಹಕ್ಕಲ್ಲ. ರೂಢಿಯ ಹಕ್ಕಿಗೆ ಒಂದು ದೊಡ್ಡ ದೌರ್ಬಲ್ಯವಿದೆ. ನೆಲವನ್ನು ಇನ್ನೊಬ್ಬರಿಗೆ ಕೊಡುವಾಗ ಅದನ್ನು ಯಾರೂ ಕೇಳುವುದಿಲ್ಲ.

ಅದು ಎಷ್ಟು ನಿಜವೆಂದು 1980ರ ದಶಕದಲ್ಲಿ ನಮ್ಮ ರಾಜ್ಯಕ್ಕೆ ತಿಳಿಯಿತು. ಬಂಜರು ಭೂಮಿಯನ್ನು ಹಸಿರು ಮಾಡಬೇಕು ಎಂಬ ಒಳ್ಳೆಯ ಮಾತಿನಿಂದಲೇ ಆ ಕಥೆ ಶುರುವಾಗುತ್ತದೆ. ಸಾಮಾಜಿಕ ಅರಣ್ಯ ಯೋಜನೆಗಳಲ್ಲಿ ನೀಲಗಿರಿ ಗಿಡಗಳನ್ನು ಲಕ್ಷಗಟ್ಟಲೆ ನೆಟ್ಟರು. ದನ, ಕುರಿ ಬಾಯಿ ಹಾಕದ ಗಿಡವಾದ್ದರಿಂದ ಬೇಲಿಯ ಖರ್ಚಿಲ್ಲ, ಬೇಗ ಬೆಳೆಯುತ್ತದೆ, ಕಾರ್ಖಾನೆ ಕೊಂಡುಕೊಳ್ಳುತ್ತದೆ. 1983ರಲ್ಲಿಯೇ ತುಮಕೂರು ಜಿಲ್ಲೆಯ ರೈತರು ನರ್ಸರಿಗಳಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತಿದ್ದರು. ಅದನ್ನು ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಹುಟ್ಟಿತು. ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಕಂಪನಿ ಇದರ ಪಾಲುದಾರರು. ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆ 'ಸಿ ಮತ್ತು ಡಿ ವರ್ಗ'ದ ಭೂಮಿಯನ್ನು ಕಾರ್ಖಾನೆಯ ತಿರುಳಿಗಾಗಿ ಮರ ಬೆಳೆಸಲು ಕೊಡಬೇಕೆಂದು ತೀರ್ಮಾನವಾಯಿತು. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡದ ಜೊತೆಗೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಭೂಮಿಯೂ ಆ ಪಟ್ಟಿಯಲ್ಲಿತ್ತು. ಕಾಗದದ ಮೇಲೆ ಆ ನೆಲ ಪಾಳು. ಊರಿನವರಿಗೆ ಅದು ಗೋಮಾಳ, ಸೌದೆಯ ಗುಡ್ಡ, ಕುರಿ ಮೇಯುವ ಬಯಲು. ಗಂಡಸರು ಗುತ್ತಿಗೆ ಕೂಲಿಗಾದರೂ ಹೋಗಿಯಾರು. ಸೌದೆಗೆಂದು ಮುಂಜಾನೆ ಹೊರಡುವ ಹೆಣ್ಣುಮಕ್ಕಳು ಇನ್ನು ಎಷ್ಟು ಮೈಲಿ ನಡೆಯಬೇಕು ಎಂಬ ಲೆಕ್ಕ ಒಪ್ಪಂದದಲ್ಲಿ ಇರಲಿಲ್ಲ.

ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿ ಹಳ್ಳಿಗೆ ಹೋಗಿ ಜನರನ್ನು ಸಂಘಟಿಸಿತು. ಕೋಟ ಶಿವರಾಮ ಕಾರಂತರು ಮುಂದೆ ನಿಂತು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಹೆಣ್ಣು ಗಂಡೆನ್ನದೆ ಜನ ಸೇರಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದರು. ಆ ಹೆಸರೇ ನನಗೆ ಬಹಳ ಇಷ್ಟ. ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತರು; ಆ ಜಾಗದಲ್ಲಿ ಊರಿಗೆ ಬೇಕಾದ ಹಣ್ಣಿನ, ಮೇವಿನ ಗಿಡಗಳನ್ನು ಹಚ್ಚಿದರು. ನಾವು ಮರಗಳಿಗೆ ವಿರೋಧಿಗಳಲ್ಲ, ಯಾವ ಮರ ಎಂದು ನಮ್ಮನ್ನು ಕೇಳಬೇಕಿತ್ತು ಎಂಬುದು ಅದರ ತಾತ್ಪರ್ಯ. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ!

ಕುಸನೂರಿನ ಪಾಠ ಸಾಮೂಹಿಕ ಭೂಮಿಗೆ ಸಂಬಂಧಿಸಿದ್ದು. ಇನ್ನು ಮನೆಯ ಸ್ವಂತ ಜಮೀನಿಗೆ ಬರೋಣ. ಇಲ್ಲಿ ಬೇರೆಯವರನ್ನು ದೂರುವುದು ಕಷ್ಟ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಮಾಡಿ ವಿಧವೆಯರಿಗೆ, ತಾಯಂದಿರಿಗೆ, ಅವಿವಾಹಿತ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಕೆಲವು ಹಕ್ಕು ಕೊಟ್ಟಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು. ಇಡೀ ದೇಶಕ್ಕೆ 2005ರಲ್ಲಿ. ನಮ್ಮ ಸಮುದಾಯಕ್ಕೆ ಈ ವಿಷಯ ಹೊಸದಲ್ಲ. ತಂದೆ ತಾಯಿ ಬಿಟ್ಟುಹೋದ ಆಸ್ತಿಯಲ್ಲಿ ಗಂಡಸರಿಗೆ ಇರುವಂತೆ ಹೆಂಗಸರಿಗೂ ಪಾಲಿದೆ ಎಂದು ಸೂರಾ ಅನ್ನಿಸಾ ನಿಗದಿ ಮಾಡಿದೆ. ಆಸ್ತಿ ಸ್ವಲ್ಪವಿರಲಿ ಹೆಚ್ಚಿರಲಿ ಪಾಲು ತಪ್ಪುವುದಿಲ್ಲ. ಪತ್ನಿಯ ಆಸ್ತಿ ಪತಿಯದರಿಂದ ಬೇರೆ. ಖಲೀಫಾ ಹಾರೂನ್ ರಷೀದರ ಪತ್ನಿ ಜುಬೈದಾ ಮಕ್ಕಾ ನಗರಕ್ಕೆ ನೀರಿನ ಕಾಲುವೆ ಕಟ್ಟಿಸಿದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರ ಕೈಯಲ್ಲಿ ಅವರದೇ ಹಣವಿತ್ತು, ಅದರ ಮೇಲೆ ಅವರದೇ ಮಾತು ನಡೆಯುತ್ತಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ.

1937ರ ಶರೀಅತ್ ಅನ್ವಯ ಕಾಯ್ದೆ ಕೃಷಿ ಜಮೀನನ್ನು ಹೊರಗಿಟ್ಟಿತ್ತು. ಮದ್ರಾಸ್ 1949ರಲ್ಲಿ, ಕೇರಳ 1963ರಲ್ಲಿ ಅದನ್ನೂ ಒಳಗೆ ತಂದವು. ನಮ್ಮಲ್ಲಿಯೂ ಹೆಣ್ಣುಮಗಳು ಹೊಲದ ಪಾಲು ಕೇಳಿದರೆ ಇಲ್ಲವೆನ್ನುವ ಧೈರ್ಯ ಯಾವ ಮೌಲ್ವಿಗೂ ವಕೀಲರಿಗೂ ಇಲ್ಲ. ತೊಡಕು ಕೇಳುವುದರಲ್ಲಿದೆ.

ನನ್ನ ಮನೆಯ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ. ದಾದಾ ಅವರಿಗೆ ನಾಲ್ಕು ಎಕರೆ ಖುಷ್ಕಿ ಇತ್ತು. ದಾದಿ ಮೊದಲೇ ತೀರಿಕೊಂಡಿದ್ದರು. ದಾದಾ ಬಿಟ್ಟುಹೋದ ಮಕ್ಕಳು ಮೂವರು: ನಮ್ಮ ಅಬ್ಬಾ ಮತ್ತು ಇಬ್ಬರು ಫುಪ್ಪುಗಳು. ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು ಎಂಬ ಲೆಕ್ಕದಲ್ಲಿ ಅಬ್ಬಾಗೆ ಎರಡು ಎಕರೆ, ಫುಪ್ಪುಗಳಿಗೆ ಒಂದೊಂದು ಎಕರೆ. ನಡೆದದ್ದು ಬೇರೆ. ಒಂದು ದಿನ ಇಬ್ಬರನ್ನೂ ಕರೆಸಿ, ಊಟ ಹಾಕಿಸಿ, ಹೊಸ ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಬಲವಂತ ಮಾಡಲಿಲ್ಲ ಎಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ನಿಜವೇ ಇರಬಹುದು. ತವರಿನ ಬಾಗಿಲು ಮುಚ್ಚಿಹೋದೀತು ಎಂಬ ಅಂಜಿಕೆ ಇದ್ದಾಗ ಬಲವಂತದ ಅಗತ್ಯವೇ ಬೀಳುವುದಿಲ್ಲ. ಹೀಗೆ ನಮ್ಮ ಹೊಲದ ಅರ್ಧ ಭಾಗ ಅವರದು. ಆ ಹೊಲದ ಆದಾಯದಲ್ಲಿ ನಾನು ಬಿ.ಎಡ್. ಮುಗಿಸಿದೆ.

ದೊಡ್ಡ ಫುಪ್ಪು ಚಿಕ್ಕ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡು ತವರಿಗೆ ಬಂದವರು. ಇಳಿಜಾರಿನ ಆ ಹೊಲದಲ್ಲಿ ಮಳೆ ಬಂದಾಗಲೆಲ್ಲ ಮೇಲ್ಮಣ್ಣು ಕೊಚ್ಚಿ ಹೋಗುತ್ತಿತ್ತು. ವರ್ಷಗಟ್ಟಲೆ ಅವರು ಹೊಲದ ಕಲ್ಲು ಆರಿಸಿ ಆರಿಸಿ ಅಂಚಿಗೆ ಒಟ್ಟಿದರು. ಅದೇ ಕಲ್ಲುಬದುವಾಯಿತು. ಬದುವಿನ ಮೇಲೆ ಹೊಂಗೆ, ಬೇವು ತಾವಾಗಿ ಹುಟ್ಟಿದವು. ಮುಂದೆ ಒಂದು ದಿನ ಮಣ್ಣು ಸಂರಕ್ಷಣೆಯ ಯೋಜನೆಯವರು ಬಂದರು. ಊರಿನ ಕಟ್ಟೆಯ ಮೇಲೆ ಸಭೆ ಆಯಿತು, ಪಹಣಿ ಇದ್ದವರ ಹೆಸರು ಬರೆದುಕೊಂಡರು. ಬದು ಎಲ್ಲಿ ಹಾಕಬೇಕು, ಯಾವ ಗಿಡ ಬೇಕು ಎಂದು ಅಬ್ಬಾನನ್ನು ಕೇಳಿದರು. ಅಬ್ಬಾ ತೆಂಗಿನ ಸಸಿ ಎಂದರು. ಫುಪ್ಪುವನ್ನು ಕೇಳಿದ್ದರೆ ಅವರು ಮೇವಿನ ಗಿಡ ಎನ್ನುತ್ತಿದ್ದರು. ಎರಡು ಮೇಕೆಗಳೇ ಅವರ ಕೈಗಾಸು. ಮುಂದೆ ಬಂದ ಬರಗಾಲಗಳಲ್ಲಿ ತೆಂಗು ಒಣಗಿತು. ಕಲ್ಲುಬದು ಇನ್ನೂ ಇದೆ.

ಓದುಗರೆ, ಇದು ನಮ್ಮ ಒಂದು ಮನೆಯ ಕಥೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಕೃಷಿ ಹಿಡುವಳಿದಾರರಲ್ಲಿ ಮಹಿಳೆಯರು ಶೇ. 14ರಷ್ಟು ಮಾತ್ರ, ಅವರ ಕೈಯಲ್ಲಿರುವ ನೆಲ ಶೇ. 12ರ ಆಸುಪಾಸು. ಕಳೆ ತೆಗೆಯುವ, ನಾಟಿ ಹಾಕುವ, ಗೊಬ್ಬರ ಹೊರುವ ಕೈಗಳಲ್ಲಿ ಅವರ ಪಾಲು ಎಷ್ಟೆಂದು ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಕಡೂರಿನಿಂದ ಬೀರೂರು ಕಡೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿ.

ಒಳ್ಳೆಯ ಉದ್ದೇಶದ ಕಾನೂನುಗಳೂ ಇಲ್ಲಿ ಎಡವಿವೆ. 1974ರ ಭೂಸುಧಾರಣೆ ಕರ್ನಾಟಕದ ಚರಿತ್ರೆಯಲ್ಲಿ ದೊಡ್ಡ ಘಟನೆ. ಉಳುವವನೇ ಹೊಲದೊಡೆಯ ಎಂಬ ಮಾತು ಲಕ್ಷಾಂತರ ಗೇಣಿದಾರರಿಗೆ ನಿಜವಾಯಿತು. ಆದರೆ ವ್ಯಾಕರಣ ಕಲಿಸುವ ನನಗೆ 'ಉಳುವವನು' ಎಂಬ ಪುಲ್ಲಿಂಗ ಕಣ್ಣಿಗೆ ಹೊಡೆಯುತ್ತದೆ. ನೇಗಿಲು ಹಿಡಿಯುವುದು ಗಂಡಸು ಎಂಬುದು ನಮ್ಮ ರೂಢಿ. ನಮೂನೆ 7ರ ಅರ್ಜಿ ಮನೆಯ ಯಜಮಾನನದು, ಭೂ ನ್ಯಾಯಮಂಡಳಿ ಕೊಟ್ಟ ಅಧಿಭೋಗದ ಹಕ್ಕು ಬಹುಪಾಲು ಅವನ ಹೆಸರಿಗೇ ಹೋಯಿತು. ಇನ್ನೊಂದು ಕಡೆ, ತಾವು ಉಳಲಾಗದೆ ತುಂಡು ಹೊಲವನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರು ಅದನ್ನೂ ಕಳೆದುಕೊಂಡರು. ಗೇಣಿಗೆ ಕೊಡುವ ವಿನಾಯಿತಿ ಸೈನಿಕರಿಗೂ ನಾವಿಕರಿಗೂ ಉಳಿಯಿತು, ವಿಧವೆಯರಿಗೆ ಉಳಿಯಲಿಲ್ಲ. ಇಷ್ಟರಿಂದ ಭೂಸುಧಾರಣೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅರ್ಜಿಯ ನಮೂನೆಯಲ್ಲಿ ಇನ್ನೊಂದು ಹೆಸರಿಗೆ ಒಂದು ಗೆರೆ ಜಾಗ ಬಿಟ್ಟಿದ್ದರೆ ಸಾಕಾಗಿತ್ತು.

ಜಲಾನಯನ ಯೋಜನೆಗಳಲ್ಲಿಯೂ ಅದೇ ನಡೆಯಿತು. ವಿಶ್ವಬ್ಯಾಂಕ್ ನೆರವಿನ 'ಸುಜಲ' ಯೋಜನೆ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ನಡೆಯಿತು. ಜನರನ್ನು ಕೂರಿಸಿಕೊಂಡು ಯೋಜನೆ ಮಾಡಿದ್ದು ಅದರ ಹೆಚ್ಚುಗಾರಿಕೆ. ಜಮೀನಿದ್ದವರಿಗೆ ಪ್ರದೇಶ ಗುಂಪುಗಳು, ಮಹಿಳೆಯರಿಗೂ ಭೂರಹಿತರಿಗೂ ಸ್ವಸಹಾಯ ಗುಂಪುಗಳು. ಸ್ವಸಹಾಯ ಗುಂಪಿನಿಂದ ಹಸು ಬಂತು, ಹೊಲಿಗೆ ಯಂತ್ರ ಬಂತು; ಮೀಟಿಂಗಿಗೆ ಹೋಗುವ ಧೈರ್ಯವೂ ಬಂತು. ಅದು ಸಣ್ಣದಲ್ಲ. ಆದರೆ ಬದು ಎಲ್ಲಿ, ಹೊಂಡ ಎಲ್ಲಿ, ಗಿಡ ಯಾವುದು ಎಂಬ ನೆಲದ ತೀರ್ಮಾನ ಜಮೀನುದಾರರ ಗುಂಪಿನಲ್ಲಿಯೇ ಉಳಿಯಿತು. 2005ರ ಉದ್ಯೋಗ ಖಾತರಿ ಕಾಯ್ದೆ ಕೆಲಸಗಾರರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು ಎಂದಿತು, ಸಮಾನ ಕೂಲಿ ಕೊಟ್ಟಿತು. ಹೆಂಗಸರು ಕೆರೆ ಹೂಳೆತ್ತಿದರು, ಬದು ಕಟ್ಟಿದರು. ಎಷ್ಟೋ ಕಡೆ ಆ ಬದು ನಿಂತದ್ದು ಬೇರೆಯವರ ಜಮೀನಿನಲ್ಲಿ.

ಹೆಸರಿಗೇಕೆ ಇಷ್ಟು ಮಹತ್ವ, ಕೆಲಸ ಆದರೆ ಸಾಲದೇ ಎಂದು ಕೆಲವರು ಕೇಳಬಹುದು. ಒಣಭೂಮಿಯಲ್ಲಿ ಮಣ್ಣನ್ನು ಸರಿಪಡಿಸುವ ಕೆಲಸಕ್ಕೆ ಫಲ ಬರುವುದು ಐದು, ಹತ್ತು ವರ್ಷಕ್ಕೆ. ನಾಳೆ ಈ ಹೊಲದಿಂದ ಹೊರಡು ಎನ್ನಬಹುದಾದ ಜಾಗದಲ್ಲಿ ಯಾರೂ ಹುಣಸೆ ಗಿಡ ನೆಡುವುದಿಲ್ಲ. ಈ ವರ್ಷದ ರಾಗಿ ಬಂದರೆ ಸಾಕು ಎನ್ನುತ್ತಾರೆ. ಬ್ಯಾಂಕ್ ಸಾಲ, ಕೃಷಿ ಹೊಂಡದ ಸಹಾಯಧನ, ಬೆಳೆ ಪರಿಹಾರ ಎಲ್ಲಕ್ಕೂ ಪಹಣಿ ಬೇಕು. ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆ ತರೀಕೆರೆ, ಅಜ್ಜಂಪುರದ ಕಡೆ ಬಂದಾಗ ಎಷ್ಟೋ ಮನೆಗಳಲ್ಲಿ ತೀರಿಕೊಂಡವರ ಪಹಣಿ ಹುಡುಕುವ ಓಡಾಟ ಆಯಿತು. ಪರಿಹಾರದ ಹಣ ಹೋಗುವುದು ಒಂಬತ್ತನೆಯ ಕಲಂ ಹಿಡಿದುಕೊಂಡು.

ಎಮ್ಮೆದೊಡ್ಡಿಯಂಥ ಕಡೆ ಇನ್ನೊಂದು ತೊಡಕಿದೆ. ಅರಣ್ಯ, ಕಾವಲು, ಗೋಮಾಳ, ಸಾಗುವಳಿ ಜಮೀನು ಒಂದರೊಳಗೊಂದು ಹೆಣೆದುಕೊಂಡಿವೆ. ಸಕ್ರಮಕ್ಕೆಂದು 1991ರಲ್ಲಿ ನಮೂನೆ 50, ತೊಂಬತ್ತರ ದಶಕದ ಕೊನೆಯಲ್ಲಿ ನಮೂನೆ 53, 2018ರಲ್ಲಿ ನಮೂನೆ 57 ಬಂದವು. ಆದರೆ ಅರಣ್ಯ ಭೂಮಿ ಬಗರ್ ಹುಕುಂನಲ್ಲಿ ಸಕ್ರಮವಾಗುವುದಿಲ್ಲ. ಅದಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ಇದು ಸುಲಭವಲ್ಲ. ಆದರೂ ಈ ಕಾಯ್ದೆಯ ಒಂದು ಅಂಶವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹಕ್ಕುಪತ್ರ ಮದುವೆಯಾದವರಿಗಾದರೆ ಗಂಡ ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಬರಬೇಕೆಂದು ಕಾಯ್ದೆಯಲ್ಲೇ ಬರೆದಿದ್ದಾರೆ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಲೇಬೇಕು. 1974ರಲ್ಲಿ ಬಿಟ್ಟುಹೋದ ಗೆರೆ 2006ರಲ್ಲಿ ಬಂತು.

ಹೆಣ್ಣಿನ ಹೆಸರಿಗೆ ನೆಲ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಪರಿಶಿಷ್ಟ ಜಾತಿಯ ಭೂರಹಿತ ಕೃಷಿ ಕೂಲಿ ಮಹಿಳೆಯರಿಗೆ ಜಮೀನು ಕೊಂಡುಕೊಡುವ 'ಭೂ ಒಡೆತನ ಯೋಜನೆ' ಅಂಬೇಡ್ಕರ್ ಅಭಿವೃದ್ಧಿ ನಿಗಮದಿಂದ ನಡೆದುಬಂದಿದೆ. ಕ್ರಯಪತ್ರ ಮಹಿಳೆಯ ಹೆಸರಿಗೇ ಆಗುತ್ತದೆ. ಬೀದರ್ ಗಡಿಯಾಚೆ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಹಳ್ಳಿಯ ದಲಿತ ಮಹಿಳೆಯರ ಸಂಘಗಳನ್ನು ಕಟ್ಟಿತು. ಬೀಳುಬಿದ್ದ ಹೊಲಗಳನ್ನು ಅವರು ಹಸನು ಮಾಡಿ ಜೋಳ, ನವಣೆ, ಸಜ್ಜೆ, ತೊಗರಿಯನ್ನು ಕೂಡಿಸಿ ಬೆಳೆದರು, ಸ್ವಂತ ಬೀಜ ಉಳಿಸಿದರು, ಸ್ವಂತ ಧಾನ್ಯದ ಉಗ್ರಾಣ ಮಾಡಿದರು. ನಿಜಾಮರ ಕಾಲದಿಂದ ಆ ಸೀಮೆಯ ಮಾತು ನಮ್ಮ ದಖನಿಗೆ ಹತ್ತಿರ, ಕನ್ನಡಕ್ಕೂ ಹತ್ತಿರ. ನಮ್ಮ ಹೆಣ್ಣುಮಕ್ಕಳನ್ನು ಅಲ್ಲಿಗೊಮ್ಮೆ ಪ್ರವಾಸ ಕರೆದುಕೊಂಡು ಹೋಗಬೇಕೆಂಬ ಆಸೆ ನನಗಿದೆ.

ಸಾಲುಮರದ ತಿಮ್ಮಕ್ಕನವರ ಪಾಠವನ್ನು ಮಾಡುವಾಗಲೂ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಅವರೂ ಪತಿ ಚಿಕ್ಕಯ್ಯನವರೂ ಕುದೂರು ರಸ್ತೆಯ ಬದಿಗೆ ಆಲದ ಸಸಿಗಳನ್ನು ನೆಟ್ಟು ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಇಡೀ ನಾಡು ಕಣ್ಣೀರು ಹಾಕಿತು. ಕೂಲಿ ಮಾಡಿ ಬದುಕಿದ ಆ ದಂಪತಿಗೆ ಗಿಡ ನೆಡಲು ಸಿಕ್ಕಿದ್ದು ರಸ್ತೆಯ ಅಂಚು. 2019ರಲ್ಲಿ ರಸ್ತೆ ಅಗಲ ಮಾಡಲು ಆ ಮರಗಳಿಗೆ ಕೊಡಲಿ ಬೀಳುವ ಹೆದರಿಕೆ ಬಂದಾಗ ಅವರು ಮುಖ್ಯಮಂತ್ರಿಗಳ ಮುಂದೆ ಮನವಿ ಮಾಡಬೇಕಾಯಿತು. ಪ್ರಶ್ನೆ ಇಷ್ಟೇ: ಮರಗಳು ಯಾರವು? ಮಕ್ಕಳು "ತಿಮ್ಮಕ್ಕಂದು" ಎಂದು ಕೂಗುತ್ತಾರೆ. ಕಾಗದ ಹಾಗೆ ಹೇಳುವುದಿಲ್ಲ.

ಪ್ರಪಂಚ ಇದನ್ನು ಒಪ್ಪಿಕೊಂಡದ್ದು ತಡವಾಗಿ. ಮರುಭೂಮೀಕರಣದ ವಿರುದ್ಧ ವಿಶ್ವಸಂಸ್ಥೆಯ ಒಡಂಬಡಿಕೆ ಆದದ್ದು 1994ರಲ್ಲಿ. ಭೂಮಿಯ ಹಕ್ಕಿನ ಭದ್ರತೆಯ ಬಗ್ಗೆ ಆ ಒಡಂಬಡಿಕೆಯ ದೇಶಗಳು ಮೊದಲ ಸಲ ಪ್ರತ್ಯೇಕ ನಿರ್ಣಯ ಮಾಡಿದ್ದು 2019ರಲ್ಲಿ, ಅದೂ ದೆಹಲಿಯ ಪಕ್ಕದ ಗ್ರೇಟರ್ ನೋಯ್ಡಾದ ಸಮ್ಮೇಳನದಲ್ಲಿ. 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳಾದ ನೆಲವನ್ನು ಸರಿಪಡಿಸುತ್ತೇವೆ ಎಂದು ಭಾರತ ಅಲ್ಲಿ ಮಾತು ಕೊಟ್ಟಿತು. ಇಸ್ರೋ ಸಂಸ್ಥೆಯ ನಕ್ಷೆಗಳ ಪ್ರಕಾರ 2018-19ರಲ್ಲಿ ದೇಶದ 9.78 ಕೋಟಿ ಹೆಕ್ಟೇರ್, ಅಂದರೆ ಶೇ. 30ಕ್ಕೆ ಹತ್ತಿರದಷ್ಟು ನೆಲ ಸವೆದಿತ್ತು. 2023ರ ಜೂನ್ 17ರ ದಿನಾಚರಣೆಯ ವಿಷಯವೇ ಹೆಣ್ಣಿನ ಭೂಮಿಯ ಹಕ್ಕು.

ಆ ಹುಡುಗಿಯ ಮನೆಯವರು ಈಗ ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿಯೂ ಅದೇ ಕೆಲಸ ನಡೆದಿದೆ. ಅಬ್ಬಾ ತೀರಿಕೊಂಡ ಮೇಲೆ ಪಹಣಿ ಅವರ ಹೆಸರಿನಲ್ಲೇ ಇತ್ತು. ವಂಶವೃಕ್ಷ ಬರೆಸುವಾಗ ಅರ್ಜಿ ಬರೆಯುವವನು, "ಸರ್, ಅಕ್ಕತಂಗಿಯರನ್ನು ಯಾಕೆ ಹಾಕ್ತೀರ? ಆಮೇಲೆ ಅವರ ಸಹಿ ಅಂತ ಓಡಾಡಬೇಕಾಗುತ್ತೆ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅಮ್ಮಿಯ ಹೆಸರು, ನನ್ನ ಇಬ್ಬರು ತಂಗಿಯರ ಹೆಸರು ಎಲ್ಲವನ್ನೂ ಬರೆಸಿ ಬಂದೆ.

ಫುಪ್ಪುಗಳ ಎರಡು ಎಕರೆಯ ವಿಷಯ ಅಷ್ಟು ಸುಲಭವಲ್ಲ. ಬಿಡುಗಡೆ ಪತ್ರ ನೋಂದಣಿಯಾಗಿದೆ. ಅದನ್ನು ಹಿಂದಿರುಗಿಸಬೇಕಾದರೆ ನಾವು ಹಿಬಾ ಮಾಡಿ ಬರೆದುಕೊಡಬೇಕು, ಅದಕ್ಕೆ ಮನೆಯ ಎಲ್ಲರೂ ಒಪ್ಪಬೇಕು. ತಂಗಿಯರು ಒಪ್ಪಿದ್ದಾರೆ. ಒಬ್ಬರಿಬ್ಬರು ಹಿರಿಯರು ಈಗ ಅದೆಲ್ಲ ಏಕೆ ಎನ್ನುತ್ತಾರೆ. ದೊಡ್ಡ ಫುಪ್ಪುವಿಗೆ ವಿಷಯ ತಿಳಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಕೊಡುವುದಾದರೆ ಮೇಲಿನ ಅಂಚಿನ ಕಡೆ, ಕಲ್ಲುಬದು ಇರುವ ಪಕ್ಕ ಅಳೆಸು ಎಂದರು. ಸರ್ವೆಗೆ ಅರ್ಜಿ ಬರೆದಿಟ್ಟಿದ್ದೇನೆ.